ನಾನೂರು ಸಲ ಎತ್ತಬೇಕಾದ ಕೈ

ಮೂವತ್ತೆರಡು ಸಲ. ಲಕ್ವ ಹೊಡೆದ ಕೈಗೆ ಫಿಸಿಯೋಥೆರಪಿಯ ಒಂದು ಸೆಷನ್‌ನಲ್ಲಿ ಸಿಗುವ ಅಭ್ಯಾಸ ಸರಾಸರಿ ಇಷ್ಟೇ. ಇದು ಯಾರೋ ಅಂದಾಜಿನಲ್ಲಿ ಹೇಳಿದ ಮಾತಲ್ಲ. ಅಮೆರಿಕದ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಏಳು ಚಿಕಿತ್ಸಾ ಕೇಂದ್ರಗಳಲ್ಲಿ 312 ಸೆಷನ್‌ಗಳನ್ನು ಗಮನಿಸಿದರು. ರೋಗಿ ಎಷ್ಟು ಸಲ ಕೈ ಚಾಚಿ ವಸ್ತು ಹಿಡಿದ, ಎಷ್ಟು ಹೆಜ್ಜೆ ಇಟ್ಟ ಎಂದು ಒಂದೊಂದನ್ನೂ ಎಣಿಸಿ 2009ರಲ್ಲಿ ಪ್ರಕಟಿಸಿದರು. ಹೆಜ್ಜೆಗಳು ಸರಾಸರಿ 357. ಕೈಯಿಂದ ಮಾಡುವ ನಿಜವಾದ ಕೆಲಸದ ಅಭ್ಯಾಸ 32 ಸಲ, ಅದೂ ಕೈಗೆ ಚಿಕಿತ್ಸೆ ಕೊಟ್ಟ ಸೆಷನ್‌ಗಳಲ್ಲಿ ಅರ್ಧದಷ್ಟರಲ್ಲಿ ಮಾತ್ರ. ಉಳಿದ ಅರ್ಧದಲ್ಲಿ ಆ ಅಭ್ಯಾಸವೇ ನಡೆದಿರಲಿಲ್ಲ.

ಈ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಮೆದುಳಿಗೆ ಪೆಟ್ಟಾದ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಕಳೆದುಹೋದ ಚಲನೆಯನ್ನು ಮೆದುಳಿನ ಬೇರೆ ಭಾಗ ಕಲಿತುಕೊಳ್ಳಬೇಕಾದರೆ ಅದೇ ಚಲನೆಯನ್ನು ದಿನಕ್ಕೆ 400ರಿಂದ 600 ಸಲ ಮಾಡಿಸಬೇಕಾಯಿತು. ಮಾತ್ರೆಗೆ ಮಿಲಿಗ್ರಾಂ ಇದ್ದ ಹಾಗೆ ಪುನರ್ವಸತಿ ಚಿಕಿತ್ಸೆಗೆ ಈ ‘ಸಲ’ವೇ ಅಳತೆ. 400 ಮಿಲಿಗ್ರಾಂ ಬೇಕಾದ ಕಡೆ 32 ಕೊಟ್ಟು, ರೋಗಿ ಸುಧಾರಿಸಲಿಲ್ಲ ಎಂದು ಕೈಚೆಲ್ಲುವ ವೈದ್ಯರನ್ನು ನಾವು ಒಪ್ಪುತ್ತೇವೆಯೇ?

ಗುಣಿಸಿ ನೋಡೋಣ. ದಿನಕ್ಕೆ 400ರಂತೆ ಹನ್ನೆರಡು ವಾರಕ್ಕೆ 33,600 ಸಲ. ವಾರಕ್ಕೆ ಮೂರು ಸೆಷನ್, ಸೆಷನ್ನಿಗೆ 32 ಎಂದಾದರೆ ಅದೇ ಹನ್ನೆರಡು ವಾರಕ್ಕೆ ಸಿಗುವುದು 1,152 ಸಲ. ಬೇಕಾದದ್ದರ ಇಪ್ಪತ್ತೊಂಬತ್ತನೇ ಒಂದು ಪಾಲು. ಇದು ಅಮೆರಿಕ, ಕೆನಡಾದಂಥ ಕಡೆ, ಫಿಸಿಯೋ ಇರುವ, ಕಟ್ಟಡ ಇರುವ, ವಿಮೆ ಇರುವ ಕಡೆಯ ಲೆಕ್ಕ. ಪ್ರಾಣಿಗಳ ಅಳತೆಯನ್ನು ಮನುಷ್ಯರಿಗೆ ಹಾಗೆಯೇ ಹೊಂದಿಸಲಾಗದು, ನಿಜ. ಆದರೂ ಅಂತರ ಎರಡು ಪಟ್ಟೋ ಮೂರು ಪಟ್ಟೋ ಆಗಿದ್ದರೆ ಹಾಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು.

ಯಂತ್ರಗಳ ಮಾತಿಗೆ ಹೋಗುವ ಮೊದಲು ಇದನ್ನು ಹೇಳಲೇಬೇಕಾಯಿತು. ಕೈಕಾಲು ಮರಳಿ ಪಡೆಯುವ ತಂತ್ರಜ್ಞಾನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹೊಳೆಯುವ ರೋಬೋಟ್, ಬೆನ್ನಿಗೆ ಕಟ್ಟಿಕೊಂಡು ನಡೆಸುವ ಲೋಹದ ಕಾಲು, ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯ ಟ್ರೆಡ್‌ಮಿಲ್. ಆ ಸಾಧನ ಯಾರ ಮನೆಯ ಹತ್ತಿರ ಇದೆ, ಎಷ್ಟು ಸಲ ಬಳಸಲು ಸಿಗುತ್ತದೆ, ಹಾಳಾದರೆ ಯಾರು ಸರಿಮಾಡುತ್ತಾರೆ ಎಂಬ ಮೂರು ಪ್ರಶ್ನೆಗಳು ಹಿಂದೆ ಉಳಿಯುತ್ತವೆ. ಮುಂದೆ ಬರುವ ಅಂಕಿಗಳೆಲ್ಲ ಆ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ.

ಜಗತ್ತಿನಲ್ಲಿ ಎಷ್ಟು ಜನಕ್ಕೆ ಈ ಚಿಕಿತ್ಸೆ ಬೇಕು? 2020ರ ಕೊನೆಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು 241 ಕೋಟಿ. ಮೂವರಲ್ಲಿ ಒಬ್ಬರು. 1990ಕ್ಕೆ ಹೋಲಿಸಿದರೆ ಶೇಕಡ 63ರಷ್ಟು ಏರಿಕೆ. ಇದರಲ್ಲಿ ಸೊಂಟನೋವಿನವರೇ 56 ಕೋಟಿಗೂ ಮೀರುತ್ತಾರೆ. ಮುರಿದ ಮೂಳೆ, ಸವೆದ ಮಂಡಿ, ಲಕ್ವ, ಬೆನ್ನುಹುರಿಗೆ ಬಿದ್ದ ಪೆಟ್ಟು, ಹುಟ್ಟಿನಿಂದ ಬಂದ ಸೆರೆಬ್ರಲ್ ಪಾಲ್ಸಿ, ಎಲ್ಲ ಸೇರಿದ ಮೊತ್ತ ಇದು.

241 ಕೋಟಿ ಎಂಬುದು ನಾಲಿಗೆಗೆ ಸುಲಭ, ಬುದ್ಧಿಗೆ ಎಟುಕುವುದಿಲ್ಲ. ಒಬ್ಬೊಬ್ಬರಿಗೆ ಒಂದೇ ಒಂದು ಗಂಟೆ ಕೊಡೋಣ. ಒಬ್ಬರಾದ ಮೇಲೆ ಒಬ್ಬರು, ಹಗಲು ರಾತ್ರಿ ಬಿಡುವಿಲ್ಲದೆ. ಮುಗಿಯಲು 2,75,000 ವರ್ಷ ಬೇಕು. ಮನುಷ್ಯಕುಲ ಈ ನೆಲದ ಮೇಲೆ ಕಾಣಿಸಿಕೊಂಡು ಸುಮಾರು ಮೂರು ಲಕ್ಷ ವರ್ಷ ಆಗಿದೆ ಎನ್ನುತ್ತಾರೆ. ಅಂದರೆ ಮೊದಲ ಮನುಷ್ಯರ ಕಾಲದಲ್ಲಿ ಶುರುಮಾಡಿದ್ದರೆ ಹೆಚ್ಚುಕಮ್ಮಿ ಈಗ ಮುಗಿಯುತ್ತಿತ್ತು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಒಬ್ಬ ಫಿಸಿಯೋ ದಿನಕ್ಕೆ ಎಂಟು ಜನರನ್ನು ವರ್ಷಕ್ಕೆ 300 ದಿನ ನೋಡಿದರೆ 2,400 ಸೆಷನ್. ಆ ವೇಗದಲ್ಲಿ ಈ ಎಲ್ಲರಿಗೂ ವರ್ಷಕ್ಕೊಂದೇ ಸಲ ಚಿಕಿತ್ಸೆ ಕೊಡಲು ಹತ್ತು ಲಕ್ಷ ಫಿಸಿಯೋಗಳು ಇಡೀ ವರ್ಷ ದುಡಿಯಬೇಕು. ವರ್ಷಕ್ಕೊಂದು ಸೆಷನ್‌ನಿಂದ ಯಾವ ಮಂಡಿಯೂ ಮಡಚುವುದಿಲ್ಲ.

ಜನ ಎಲ್ಲಿದ್ದಾರೆ, ಫಿಸಿಯೋಗಳು ಎಲ್ಲಿದ್ದಾರೆ ಎಂಬುದು ಬೇರೆಯೇ ಕಥೆ. ಬಡ ಮತ್ತು ಮಧ್ಯಮ ಆದಾಯದ ಎಷ್ಟೋ ದೇಶಗಳಲ್ಲಿ ಹತ್ತು ಲಕ್ಷ ಜನಸಂಖ್ಯೆಗೆ ಹತ್ತು ಮಂದಿ ತರಬೇತಾದ ಪುನರ್ವಸತಿ ಚಿಕಿತ್ಸಕರೂ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರಮಾಣ ಕಣ್ಣಿಗೆ ಕಟ್ಟಲಿ ಎಂದು ಆ ಲೆಕ್ಕವನ್ನು 2011ರ ಜನಗಣತಿಯ ಕರ್ನಾಟಕಕ್ಕೆ ಹಾಕಿದರೆ 6.11 ಕೋಟಿ ಜನಕ್ಕೆ 611 ಮಂದಿ, ಜಿಲ್ಲೆಗೆ ಇಪ್ಪತ್ತರಂತೆ. ನಮ್ಮ ನಿಜಸ್ಥಿತಿ ಅಷ್ಟು ಹದಗೆಟ್ಟಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಹತ್ತಾರು ಫಿಸಿಯೋಥೆರಪಿ ಕಾಲೇಜುಗಳಿವೆ, ಪ್ರತಿವರ್ಷ ಹುಡುಗ ಹುಡುಗಿಯರು ಕಲಿತು ಹೊರಬರುತ್ತಾರೆ. ಆದರೆ ಅವರು ನಿಲ್ಲುವುದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ, ಇಲ್ಲವೇ ಹೊರದೇಶದಲ್ಲಿ. ಲಕ್ವ ಹೊಡೆದವರು ಮಾತ್ರ ಎಲ್ಲ ಊರುಗಳಲ್ಲೂ ಇದ್ದಾರೆ. 2021ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಲಕ್ವ ಹೊಡೆದದ್ದು ಸುಮಾರು 1.19 ಕೋಟಿ ಜನಕ್ಕೆ. ಮೂರು ಸೆಕೆಂಡು ತುಂಬುವ ಮೊದಲೇ ಇನ್ನೊಬ್ಬರಿಗೆ.

ದೂರವನ್ನೂ ಅಳೆಯಬೇಕು. ಫಿಸಿಯೋ ಇರುವ ಆಸ್ಪತ್ರೆ ಹಳ್ಳಿಯಿಂದ ನಲವತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹೋಗಿ ಬರುವುದು ಎಂಬತ್ತು. ವಾರಕ್ಕೆ ಮೂರು ಸಲ, ಹನ್ನೆರಡು ವಾರ, ಒಟ್ಟು 36 ಸಲ, 2,880 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ದೆಹಲಿಯನ್ನೂ ದಾಟಿ ಹಿಮಾಲಯದ ಬುಡ ಮುಟ್ಟುವಷ್ಟು ದೂರ. ಒಂದು ಕೈ ಒಂದು ಕಾಲು ಸ್ವಾಧೀನದಲ್ಲಿಲ್ಲದ ಮನುಷ್ಯ ಅಷ್ಟು ದೂರವನ್ನು ಎತ್ತರದ ಮೆಟ್ಟಿಲಿನ ಬಸ್ಸಿನಲ್ಲಿ ಹೋಗಬೇಕು, ಜೊತೆಗೊಬ್ಬರು ಬೇಕು, ಆ ಜೊತೆಗಾರರ 36 ದಿನದ ಕೂಲಿ ಹೋಗಬೇಕು. 2023ರ ಜೂನ್‌ನಿಂದ ನಮ್ಮ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಗಂಡನನ್ನೋ ಮಗುವನ್ನೋ ಚಿಕಿತ್ಸೆಗೆ ಕರೆದೊಯ್ಯುವವರಲ್ಲಿ ಹೆಚ್ಚಿನವರು ಹೆಂಗಸರೇ ಆದ್ದರಿಂದ, ಆ ಉಚಿತ ಟಿಕೆಟ್ಟನ್ನು ನಾನು ಪುನರ್ವಸತಿಯ ಸಾಧನಗಳ ಪಟ್ಟಿಗೇ ಸೇರಿಸುತ್ತೇನೆ. ಬಸ್ಸಿನ ಮೆಟ್ಟಿಲು ತಗ್ಗಿದರೆ ಅದನ್ನೂ ಸೇರಿಸುತ್ತೇನೆ.

ಜೈಪುರದ ಕಥೆಯನ್ನು ಎಲ್ಲರೂ ಕೇಳಿದ್ದೇವೆ, ಆದರೆ ಅರ್ಧ ಕೇಳಿದ್ದೇವೆ. ಕೇಳಿದ ಅರ್ಧ ಇದು: 1968ರಲ್ಲಿ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆವೈದ್ಯ ಪಿ.ಕೆ. ಸೇಠಿ ಸೇರಿ ಹೊಸದೊಂದು ಪಾದ ಮಾಡಿದರು. ಅದುವರೆಗೆ ಸಿಗುತ್ತಿದ್ದ ವಿದೇಶಿ ಪಾದ ಬೂಟಿನೊಳಗೆ ಇರಬೇಕಾದದ್ದು, ಅದರಲ್ಲಿ ಕುಕ್ಕರಗಾಲಿನಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರುಗದ್ದೆಗೆ ಇಳಿಯಲಾಗದು, ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋಗಲಾಗದು. ರಬ್ಬರು, ಸ್ಪಂಜಿನಂಥ ರಬ್ಬರು, ಮರ ಇವನ್ನು ಜೋಡಿಸಿ ಅಚ್ಚಿನಲ್ಲಿ ಬೇಯಿಸಿ ಮಾಡಿದ ಜೈಪುರ ಪಾದ ಇದೆಲ್ಲಕ್ಕೂ ಒಗ್ಗಿತು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೃತ್ಯಗಾತಿ ಸುಧಾ ಚಂದ್ರನ್ ಅದೇ ಕಾಲಿನಲ್ಲಿ ಮತ್ತೆ ಭರತನಾಟ್ಯಕ್ಕೆ ನಿಂತರು.

ಕೇಳದ ಅರ್ಧ ಒಂದೇ ಅಂಕಿಯಲ್ಲಿದೆ. ಮೊದಲ ಏಳು ವರ್ಷಗಳಲ್ಲಿ, 1968ರಿಂದ 1975ರವರೆಗೆ, ಆ ಪಾದ ತೊಟ್ಟವರು 59 ಜನ. ಐವತ್ತೊಂಬತ್ತು! ವರ್ಷಕ್ಕೆ ಎಂಟೋ ಒಂಬತ್ತೋ. ಆವಿಷ್ಕಾರ ಆಗಿತ್ತು, ಅಗ್ಗವಾಗಿತ್ತು, ಚೆನ್ನಾಗಿಯೂ ಇತ್ತು. ಆದರೂ ಜನರಿಗೆ ತಲುಪಲಿಲ್ಲ. 1975ರಲ್ಲಿ ಡಿ.ಆರ್. ಮೆಹ್ತಾ ಎಂಬ ಐಎಎಸ್ ಅಧಿಕಾರಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಕಟ್ಟಿದರು. ಅದಕ್ಕೂ ಕೆಲವು ವರ್ಷ ಮೊದಲು ಅಪಘಾತದಲ್ಲಿ ಅವರ ಕಾಲೇ ಹೋಗುವ ಸ್ಥಿತಿ ಬಂದಿತ್ತು. ಸಮಿತಿ ಪಾದವನ್ನು ಬದಲಿಸಲಿಲ್ಲ, ಆಸ್ಪತ್ರೆಯ ಬಾಗಿಲನ್ನು ಬದಲಿಸಿತು. ಬಂದವರನ್ನು ಯಾವ ಹೊತ್ತಿಗೂ ಒಳಗೆ ಬಿಡುವುದು, ಅವರಿಗೂ ಜೊತೆ ಬಂದವರಿಗೂ ಊಟ ವಸತಿ ಕೊಡುವುದು, ಹಣ ಕೇಳದಿರುವುದು, ಕಾಲು ಕೂಡಿಸಿಯೇ ಕಳಿಸುವುದು. ಹೊಲಕ್ಕೆ ನೀರು ಹಾಯಿಸುವ ಎಚ್‌ಡಿಪಿಇ ಪೈಪನ್ನೇ ಬಿಸಿಮಾಡಿ ಪ್ಲಾಸ್ಟರಿನ ಅಚ್ಚಿನ ಮೇಲೆ ಎಳೆದು ಕಾಲಿನ ಗೂಡು ಮಾಡುವ ವಿಧಾನ ಬಂದ ಮೇಲೆ ಕೆಲಸ ದಿನಗಳಿಂದ ಗಂಟೆಗಳಿಗೆ ಇಳಿಯಿತು. ಏಳು ವರ್ಷಕ್ಕೆ 59 ಇದ್ದದ್ದು ವರ್ಷಕ್ಕೆ ಸಾವಿರಗಟ್ಟಲೆ ಆಯಿತು. ಕಾಲು, ಕ್ಯಾಲಿಪರ್, ಊರುಗೋಲು, ಕೈಯಿಂದ ನಡೆಸುವ ಮೂರುಗಾಲಿ ಗಾಡಿ ಎಲ್ಲ ಸೇರಿ ಇದುವರೆಗೆ ಸುಮಾರು ಇಪ್ಪತ್ತು ಲಕ್ಷ ಜನಕ್ಕೆ ಮುಟ್ಟಿದೆ.

ಇಪ್ಪತ್ತು ಲಕ್ಷ ಮತ್ತು ಐವತ್ತೊಂಬತ್ತು. ಈ ಎರಡರ ನಡುವಿನ ಅಂತರವನ್ನು ಯಾವ ಹೊಸ ಪೇಟೆಂಟೂ ತುಂಬಿದ್ದಲ್ಲ. ಊಟ, ವಸತಿ, ಚೀಟಿ ಮಾಡಿಸುವ ಕಿಟಕಿ ತುಂಬಿದವು. ಪುನರ್ವಸತಿ ತಂತ್ರಜ್ಞಾನದ ಬಗ್ಗೆ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳಬಾರದು ಎಂಬುದು ನನ್ನ ಹಠ.

ಕಾಲು ಒಂದು ಸಲ ಕೊಟ್ಟರೆ ಮುಗಿಯಿತೇ? ಕೃತಕ ಕಾಲುಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದು 30 ಲಕ್ಷ ಸಲ ಭಾರ ಹೊತ್ತು ಇಳಿಸಿಯೂ ಮುರಿಯಬಾರದು. ದಿನಕ್ಕೆ ಐದು ಸಾವಿರ ಹೆಜ್ಜೆ ನಡೆಯುವವನ ಒಂದು ಕಾಲಿನ ಪಾಲು ಎರಡೂವರೆ ಸಾವಿರ. 30 ಲಕ್ಷ ಮುಗಿಯಲು 1,200 ದಿನ, ಮೂರು ವರ್ಷದ ಮೇಲೆ ಸ್ವಲ್ಪ. ದೊಡ್ಡವರ ಕಾಲನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಿಸಬೇಕು ಎಂದು ಕಾಲು ಕೂಡಿಸುವವರು ಅನುಭವದಿಂದ ಹೇಳುವುದೂ ಇದನ್ನೇ. ಮಕ್ಕಳದು ಇನ್ನೂ ಕಷ್ಟ. ಅವರು ಬೆಳೆಯುತ್ತಾರೆ, ಕಾಲು ಬೆಳೆಯುವುದಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಹೊಸದು ಬೇಕು. ನೆಲಬಾಂಬಿಗೆ ಸಿಕ್ಕಿ ಹತ್ತನೇ ವಯಸ್ಸಿನಲ್ಲಿ ಕಾಲು ಕಳೆದುಕೊಂಡ ಮಗುವಿಗೆ ಜೀವನಪೂರ್ತಿ ಸುಮಾರು 25 ಕಾಲು ಬೇಕಾಗುತ್ತವೆ ಎಂದು ರೆಡ್‌ಕ್ರಾಸ್‌ನವರು ಲೆಕ್ಕಹಾಕಿದ್ದಾರೆ. ಕೃತಕ ಅಂಗವೋ ಆಧಾರ ಪಟ್ಟಿಯೋ ಬೇಕಾದವರು ಜಗತ್ತಿನಲ್ಲಿ ಮೂರೂವರೆ ನಾಲ್ಕು ಕೋಟಿ ಜನ ಎಂದು ಅಂದಾಜು. ಸಿಗುವುದು ಹತ್ತರಲ್ಲಿ ಒಬ್ಬರಿಗೆ.

ಮಂಡಿಯ ಮೇಲೆ ಕಾಲು ಕತ್ತರಿಸಿದವರ ಪಾಡು ಬೇರೆ. ಅವರಿಗೆ ಪಾದದ ಜೊತೆ ಮಂಡಿಯೂ ಬೇಕು. ಅದು ನಿಂತಾಗ ಕುಸಿಯಬಾರದು, ನಡೆವಾಗ ಮಡಚಬೇಕು, ಬೆರಳ ತುದಿ ನೆಲಕ್ಕೆ ತಾಗಿ ಎಡವಬಾರದು. ಒಂದೇ ಕೀಲಿನ ಬದಲು ಹಲವು ಕೀಲುಗಳ ಮೇಲೆ ಮಡಚುವ ಮಂಡಿ ಇದನ್ನೆಲ್ಲ ಮಾಡಬಲ್ಲದು. ಐಐಟಿ ಮದ್ರಾಸ್‌ನವರು 2022ರಲ್ಲಿ ಹೊರತಂದ ‘ಕದಂ’ ಅಂಥ ಮಂಡಿ. ಅದರ ಹಿಂದೆ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಕೈಯೂ ಇದೆ. 160 ಡಿಗ್ರಿವರೆಗೆ ಮಡಚುತ್ತದೆ. ಆಟೋದ ಹಿಂದಿನ ಸೀಟಿನಲ್ಲಿ ಮೂವರ ನಡುವೆ ಕೂತವರಿಗೆ ಆ ಡಿಗ್ರಿಯ ಬೆಲೆ ಗೊತ್ತು.

ಗಾಲಿಕುರ್ಚಿಗೆ ಬರೋಣ. ನಾವು ವ್ಹೀಲ್‌ಚೇರ್ ಎಂದೇ ಕರೆಯುವ ಈ ಸರಳ ಸಾಧನ ಬೇಕಾದವರು ಜಗತ್ತಿನಲ್ಲಿ ಎಂಟು ಕೋಟಿ. ಸಿಕ್ಕಿರುವುದು ದೇಶ ನೋಡಿಕೊಂಡು ಶೇಕಡ 5ರಿಂದ 35 ಜನಕ್ಕೆ. ಒಂದು ಕುರ್ಚಿ ಬಾಳಿಕೆ ಬರುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆ ಹೇಗಿದೆ ಗೊತ್ತೆ? ಉಬ್ಬುಪಟ್ಟಿಗಳಿರುವ ಎರಡು ಉರುಳೆಗಳ ಮೇಲೆ ಅದನ್ನು ನಿಲ್ಲಿಸಿ, ಮನುಷ್ಯನ ತೂಕದ ಬೊಂಬೆ ಕೂರಿಸಿ, ಉರುಳೆಯನ್ನು ಎರಡು ಲಕ್ಷ ಸುತ್ತು ತಿರುಗಿಸುತ್ತಾರೆ. ಆಮೇಲೆ ಐದು ಸೆಂಟಿಮೀಟರ್ ಎತ್ತರದಿಂದ 6,666 ಸಲ ಕೆಡವುತ್ತಾರೆ. ಐದು ಸೆಂಟಿಮೀಟರ್ ನಮ್ಮ ಸಾಧಾರಣ ಹೊಸ್ತಿಲಿನ ಎತ್ತರವೂ ಅಲ್ಲ. ಮುರಿದ ಫುಟ್‌ಪಾತ್, ಕಲ್ಲು ಎದ್ದ ಓಣಿ, ಮಳೆಗಾಲದ ಅಂಗಳ ಇವು ಆ ಪರೀಕ್ಷೆಯ ಪುಸ್ತಕದಲ್ಲಿಲ್ಲ.

ಮನೆಯ ಮೆಟ್ಟಿಲು ತೆಗೆದು ಇಳಿಜಾರು ಕಟ್ಟಿಸುತ್ತೇವೆ ಎಂದು ಹೊರಟರೂ ಲೆಕ್ಕ ಬೆಚ್ಚಿಬೀಳಿಸುತ್ತದೆ. ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು ಎಂಬುದು ನಿಯಮ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರಡಿ ಎತ್ತರದ ಜಗಲಿಗೆ 36 ಅಡಿ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಹೆಚ್ಚುಕಮ್ಮಿ ಸೈಟಿನ ಉದ್ದವೆಲ್ಲ ಅದಕ್ಕೇ ಹೋಯಿತು! ಮನೆಯಾಗಲಿ ಆಸ್ಪತ್ರೆಯಾಗಲಿ ಕಟ್ಟುವ ಮೊದಲೇ ನೆಲಮಟ್ಟವನ್ನು ತಗ್ಗಿಸಿ ಯೋಚಿಸಬೇಕಾದದ್ದು ಇದಕ್ಕೇ. ಕಟ್ಟಿದ ಮೇಲೆ ಇಳಿಜಾರು ಸೇರಿಸುವವರು ಸಾಮಾನ್ಯವಾಗಿ ಜಾಗವಿಲ್ಲದೆ ಕಡಿದಾಗಿ ಕಟ್ಟುತ್ತಾರೆ, ಅದರ ಮೇಲೆ ಕುರ್ಚಿ ಹತ್ತಿಸಲು ಇಬ್ಬರು ಗಟ್ಟಿಗರು ಬೇಕಾಗುತ್ತದೆ.

ಕುರ್ಚಿ ಒಬ್ಬರ ಜೀವನವನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಸಾಕ್ಷಿ. 1954ರಲ್ಲಿ ವಾಹನ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಮೇಲೆ ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಅದಕ್ಕೂ ಏಳು ವರ್ಷ ಮೊದಲು, 1959ರಲ್ಲಿ, ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅಂಗವಿಕಲರಿಗಾಗಿ ಎಪಿಡಿ ಎಂಬ ಸಂಸ್ಥೆಯನ್ನು ಶುರುಮಾಡಿದ್ದರು; ಅವರೂ ಗಾಲಿಕುರ್ಚಿಯಲ್ಲಿದ್ದವರೇ.

ಗಾಲಿಕುರ್ಚಿ ಕೊಡುವುದು ಎಂಟು ಹಂತದ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಬರೆದಿಟ್ಟಿದೆ. ಬಂದವರನ್ನು ಗುರುತಿಸುವುದರಿಂದ ಹಿಡಿದು ಮೈ ಅಳತೆ ತೆಗೆಯುವುದು, ಸರಿಯಾದದ್ದನ್ನು ಬರೆದುಕೊಡುವುದು, ಹೊಂದಿಸಿ ಕೂರಿಸುವುದು, ಬಳಸಲು ಕಲಿಸುವುದು, ಕೊನೆಗೆ ರಿಪೇರಿ ಮತ್ತು ಮರುಭೇಟಿ. ಸೊಂಟದ ಅಗಲ ಎರಡು ಇಂಚು ತಪ್ಪಿದರೆ ಬೆನ್ನು ವಾಲುತ್ತದೆ, ಚರ್ಮ ಒತ್ತಿ ಹುಣ್ಣಾಗುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಆ ಹುಣ್ಣು ನೋಯುವುದೂ ಇಲ್ಲ, ಜೀವಕ್ಕೇ ಕುತ್ತಾಗುವಷ್ಟು ಬೆಳೆಯುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟು 2020ರ ಫೆಬ್ರುವರಿ 29ರ ಪ್ರಯಾಗರಾಜ್ ನೋಡಿ. ಸರ್ಕಾರದ ಒಂದೇ ಶಿಬಿರದಲ್ಲಿ 26,000ಕ್ಕೂ ಹೆಚ್ಚು ಜನಕ್ಕೆ 56,000ಕ್ಕೂ ಹೆಚ್ಚು ಸಾಧನಗಳು, ಬೆಲೆ 19 ಕೋಟಿ ರೂಪಾಯಿಗೂ ಮೇಲೆ. ಸಾಧನವೊಂದಕ್ಕೆ ಸರಾಸರಿ 3,400 ರೂಪಾಯಿ. ಇಷ್ಟು ಸಾಮಾನು ಮಾಡಿಸಿ, ಒಂದೆಡೆ ತಂದು ಕೊಡುವುದು ಸಣ್ಣ ಸಾಧನೆಯಲ್ಲ. ಇಂಥ ಶಿಬಿರಗಳಿಗೆ ಮೊದಲು ಅಳತೆ ತೆಗೆಯುವ ಶಿಬಿರಗಳೂ ನಡೆಯುತ್ತವೆ, ಅದನ್ನೂ ಒಪ್ಪಬೇಕು. ಆದರೆ ಪ್ರತಿಯೊಬ್ಬರಿಗೂ ಹೊಂದಿಸಿ ಕಲಿಸಲು ಒಂದೊಂದು ಗಂಟೆ ಬೇಕೆಂದರೆ ಅದು 26,000 ಗಂಟೆ. ಒಬ್ಬ ಚಿಕಿತ್ಸಕ ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೂ ಹತ್ತು ವರ್ಷ ದಾಟುತ್ತದೆ. ಆ ಗಂಟೆಗಳು ಯಾವ ತಾಲ್ಲೂಕಿನಲ್ಲಿ, ಯಾರ ಕೈಯಲ್ಲಿ ಸಿಗುತ್ತವೆ? ಕೊಟ್ಟ ಸಾಧನಗಳ ಸಂಖ್ಯೆಯನ್ನು ನಾವು ಹೆಮ್ಮೆಯಿಂದ ಪ್ರಕಟಿಸುತ್ತೇವೆ. ಆರು ತಿಂಗಳ ನಂತರ ಬಳಕೆಯಲ್ಲಿರುವ ಸಾಧನಗಳ ಸಂಖ್ಯೆಯನ್ನೂ ಅದೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸುವ ದಿನವನ್ನು ನಾನು ಕಾಯುತ್ತಿದ್ದೇನೆ.

ಇನ್ನು ರೋಬೋಟ್. ಅಮೆರಿಕದಲ್ಲಿ ಹಳೆಯ ಸೈನಿಕರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೈಗೆ ಅಭ್ಯಾಸ ಕೊಡುವ ಯಂತ್ರ ಒಂದು ಸೆಷನ್‌ಗೆ 1,024 ಚಲನೆ ಮಾಡಿಸಿತು. 36 ಸೆಷನ್‌ಗೆ 36,864. ಮೇಲೆ ಹೇಳಿದ 33,600ರ ಗುರಿ ಕೊನೆಗೂ ದಾಟಿತಲ್ಲ! ಫಲಿತಾಂಶ ನಾವು ಬಯಸಿದಷ್ಟು ಸರಳವಾಗಲಿಲ್ಲ. ಯಂತ್ರದಷ್ಟೇ ಸಲ ಚಿಕಿತ್ಸಕರು ಕೈಯಲ್ಲೇ ಮಾಡಿಸಿದ ಗುಂಪು ಯಂತ್ರದ ಗುಂಪಿಗೆ ಸರಿಸಮ ನಿಂತಿತು. 2019ರಲ್ಲಿ ಬ್ರಿಟನ್ನಿನ 770 ರೋಗಿಗಳ ಮೇಲೆ ಇನ್ನೂ ದೊಡ್ಡ ಪರೀಕ್ಷೆಯ ವರದಿ ಬಂತು. ರೋಬೋಟ್ ಪಡೆದವರ ಕೈ, ಸಾಮಾನ್ಯ ಚಿಕಿತ್ಸೆ ಪಡೆದವರ ಕೈಗಿಂತ ನಿತ್ಯದ ಕೆಲಸದಲ್ಲಿ ಮುಂದೆ ಹೋಗಲಿಲ್ಲ. ಕಾಲಿನ ಕಥೆಯೂ ಹೀಗೆಯೇ. 2011ರಲ್ಲಿ 408 ಲಕ್ವ ರೋಗಿಗಳಲ್ಲಿ, ಸೊಂಟಕ್ಕೆ ಪಟ್ಟಿ ಕಟ್ಟಿ ತೂಕ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸಿದವರನ್ನೂ, ಫಿಸಿಯೋ ಮನೆಗೇ ಹೋಗಿ ವ್ಯಾಯಾಮ ಮಾಡಿಸಿದವರನ್ನೂ ವರ್ಷದ ಕೊನೆಗೆ ಹೋಲಿಸಿದರು. ಎರಡೂ ಸಮ. ಒಟ್ಟು ಶೇಕಡ 52 ಜನ ನಡಿಗೆಯಲ್ಲಿ ಮೇಲಿನ ಹಂತ ಮುಟ್ಟಿದ್ದರು.

ಹಾಗಾದರೆ ಚಿಕಿತ್ಸಕರೂ ಬೇಡ, ಮನೆಯವರಿಗೇ ಕಲಿಸಿ ಕಳಿಸೋಣ ಎನ್ನಬಹುದು. ಅದನ್ನೂ ಪರೀಕ್ಷಿಸಿದ್ದಾರೆ, ನಮ್ಮ ದೇಶದಲ್ಲೇ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಕುಟುಂಬದವರಿಗೆ ತರಬೇತಿ ಕೊಟ್ಟು ಮನೆಯಲ್ಲೇ ಚಿಕಿತ್ಸೆ ಮುಂದುವರಿಸಿದರೂ ಆರು ತಿಂಗಳ ಹೊತ್ತಿಗೆ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಯಂತ್ರವೊಂದೇ ಸಾಲದು, ಮನೆಯವರ ಪ್ರೀತಿಯೊಂದೇ ಸಾಲದು. ಕಲಿತ ಕೈ ಬೇಕು, ಹತ್ತಿರ ಬೇಕು, ತಿಂಗಳುಗಟ್ಟಲೆ ಬೇಕು. ಸಣ್ಣ ಯಂತ್ರಗಳು ಆ ಕೈಗೆ ನೆರವಾದರೆ ಒಳ್ಳೆಯದೇ. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ಸೇರಿ ಮಾಡಿದ ‘ಪ್ಲೂಟೋ’ ಒಂದೇ ಮೋಟಾರಿಗೆ ಬೇರೆಬೇರೆ ಹಿಡಿಗಳನ್ನು ಸಿಕ್ಕಿಸಿ ಬೆರಳು, ಮಣಿಕಟ್ಟುಗಳಿಗೆ ಅಭ್ಯಾಸ ಕೊಡುತ್ತದೆ, ಮೇಜಿನ ಮೇಲೆ ಕೂರುತ್ತದೆ. ಕೋಟಿ ಬೆಲೆಯ ಯಂತ್ರ ಜಿಲ್ಲೆಗೊಂದು ಇರುವುದಕ್ಕಿಂತ ಇಂಥದ್ದು ತಾಲ್ಲೂಕಿಗೊಂದು ಇರಲಿ, ಪಕ್ಕದಲ್ಲಿ ಅದನ್ನು ಬಲ್ಲ ಫಿಸಿಯೋ ಇರಲಿ.

ಸರ್ಕಾರ ಮನಸ್ಸು ಮಾಡಿದರೆ ಅಂಕಿಗಳು ಒಂದೇ ದಿನದಲ್ಲಿ ಬದಲಾಗುತ್ತವೆ ಎಂಬುದಕ್ಕೂ ಉದಾಹರಣೆ ಇದೆ. 2017ರ ಆಗಸ್ಟ್‌ನಲ್ಲಿ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಗೆ ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆಯನ್ನು ಸರಾಸರಿ 1,58,324 ರೂಪಾಯಿಯಿಂದ 54,720ಕ್ಕೆ ಇಳಿಸಿದರು. ಒಂದು ಕೀಲಿಗೆ ಲಕ್ಷಕ್ಕೂ ಮೇಲೆ ಉಳಿತಾಯ. ಒಂದು ಸೆಷನ್‌ಗೆ ಐನೂರು ರೂಪಾಯಿ ಎಂದುಕೊಂಡರೂ ಆ ಉಳಿತಾಯದಲ್ಲಿ 200 ಸೆಷನ್ ಬರುತ್ತವೆ. ಲೋಹಕ್ಕೆ ಆದೇಶ ಬಂತು. ಆ ಲೋಹವನ್ನು ಮಡಚಲು ಕಲಿಸುವ ದಿನಗಳಿಗೆ ಅಂಥ ಆದೇಶ ಇನ್ನೂ ಬರಬೇಕಾಗಿದೆ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಪುನರ್ವಸತಿಯನ್ನು ದೇಶಗಳ ಆರೋಗ್ಯ ವ್ಯವಸ್ಥೆಯೊಳಗೆ ಗಟ್ಟಿಮಾಡಬೇಕೆಂದು ನಿರ್ಣಯ ಮಾಡಿದೆ. ನಿರ್ಣಯವನ್ನು ನಮ್ಮ ತಾಲ್ಲೂಕು ಆಸ್ಪತ್ರೆಯ ಔಷಧಿ ಕೊಠಡಿಯ ದಾಸ್ತಾನು ಪುಸ್ತಕದವರೆಗೆ ತರುವುದು ನಮ್ಮ ಕೆಲಸ.

ದಾಸ್ತಾನು ಪುಸ್ತಕ ಎಂದೆ. ಅದರಲ್ಲಿ ಬರೆಯಬೇಕಾದ ಒಂದು ಸಾಮಾನಿನ ಲೆಕ್ಕ ಹೇಳುತ್ತೇನೆ. ಸುಮಾರು 800 ಹೆರಿಗೆಗೆ ಒಂದು ಮಗು ಪಾದ ಒಳಕ್ಕೆ ತಿರುಗಿಕೊಂಡು ಹುಟ್ಟುತ್ತದೆ, ಕ್ಲಬ್‌ಫುಟ್ ಎನ್ನುತ್ತಾರೆ. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆ, ಅಂದರೆ ಇಂಥ ಸುಮಾರು 1,250 ಮಕ್ಕಳು. ಅಯೋವಾದ ಇಗ್ನೇಶಿಯೋ ಪೊನ್ಸೆಟಿ ಎಂಬ ವೈದ್ಯರು 1940ರ ದಶಕದ ಕೊನೆಯಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲ. ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್, ಪ್ರತಿಸಲ ಪಾದವನ್ನು ಮೆಲ್ಲಗೆ ಸ್ವಲ್ಪ ಸ್ವಲ್ಪ ಹೊರಕ್ಕೆ ತಿರುಗಿಸುವುದು, ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಒಂದು ಸಣ್ಣ ಕೊಯ್ತ. ಜಗತ್ತು ಇದನ್ನು ಒಪ್ಪಲು ಸುಮಾರು ಐವತ್ತು ವರ್ಷ ಹಿಡಿಯಿತು. ಪಾದ ನೇರವಾದ ಮೇಲೆ, ನಡುವೆ ಪಟ್ಟಿ ಇರುವ ಒಂದು ಜೊತೆ ಬೂಟು: ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಗುವಿಗೆ ನಾಲ್ಕು ವರ್ಷ ತುಂಬುವವರೆಗೆ ಪ್ರತಿರಾತ್ರಿ. ಸುಮಾರು 1,400 ರಾತ್ರಿ. ತಾಯಂದಿರು ಅಳುವ ಮಗುವಿಗೆ ಅಷ್ಟೂ ರಾತ್ರಿ ಬೂಟು ತೊಡಿಸುತ್ತಾರೆ. ಅವರು ಸೋಲುವುದು ಅಲ್ಲಲ್ಲ. ಮಗುವಿನ ಪಾದ ಬೆಳೆದು, ಹಳೆಯ ಬೂಟು ಬಿಗಿಯಾಗಿ, ಮುಂದಿನ ಅಳತೆಯದು ಹತ್ತಿರದಲ್ಲೆಲ್ಲೂ ಸಿಗದೆ ಹೋದಾಗ ಸೋಲುತ್ತಾರೆ. ಬೂಟು ನಿಂತರೆ ಪಾದ ಮತ್ತೆ ತಿರುಗುತ್ತದೆ. ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್‌ಫುಟ್ 2013ರಿಂದಲೇ ಇದೆ. 1,250 ಮಕ್ಕಳನ್ನು 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ವರ್ಷಕ್ಕೆ ನಲವತ್ತು. ನಾಲ್ಕು ವರ್ಷದ ಮಕ್ಕಳೆಲ್ಲ ಸೇರಿ ನೂರಾ ಅರವತ್ತು. ಅಷ್ಟು ಪುಟ್ಟ ಪಾದಗಳಿಗೆ ಎಲ್ಲ ಅಳತೆಯ ಬೂಟುಗಳನ್ನು ಪ್ರತಿ ಜಿಲ್ಲಾಸ್ಪತ್ರೆಯ ಒಂದು ಕಪಾಟಿನಲ್ಲಿ ಇಡಬಹುದು.